ಉಪವಾಸ ಮಾಡಿದರೂ ಜೂನ್‌ನಿಂದ ತೂಕ ಇಳಿಯುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ನನಗೆ 43, ಎತ್ತರ 156 ಸೆಂ.ಮೀ. ಮಾರ್ಚಿನಲ್ಲಿ 72 ಕೆಜಿ ಇದ್ದೆ. ರಾತ್ರಿ ಎಂಟಕ್ಕೆ ಊಟ ಮುಗಿಸಿದರೆ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ಬರೀ ಕಾಫಿ, ಬೇರೇನೂ ಇಲ್ಲ. ಎರಡು ತಿಂಗಳಲ್ಲಿ 4 ಕೆಜಿ ಇಳಿಯಿತು. ಮಳೆ ಹಿಡಿದ ಮೇಲೆ 68ರಲ್ಲೇ ನಿಂತಿದೆ. ಮೆಟಬಾಲಿಸಂ ಹಾಳಾಗಿದೆ, ಇನ್ನು ನೀರು ಕುಡಿದರೂ ದಪ್ಪ ಆಗ್ತೀಯ ಅಂತ ಅತ್ತಿಗೆ ಹೇಳ್ತಾರೆ. ದಿನಕ್ಕೆ ಒಂದೇ ಊಟಕ್ಕೆ ಇಳಿಯಲೇ? ಕೈಲ್‌ಪೊಳ್ದ್ ಹಬ್ಬ ಬೇರೆ ಬರ್ತಾ ಇದೆ.

ನಾಪೋಕ್ಲು ಕಡೆಯಿಂದ:

ಅಕ್ಕಾ, ಒಂದೇ ಊಟಕ್ಕೆ ದಯವಿಟ್ಟು ಇಳಿಯಬೇಡಿ. ಹೋದ ವರ್ಷ ನಾನು ಮಾಡಿ ನೋಡಿದ್ದೇನೆ. ಮೂರನೇ ವಾರಕ್ಕೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಆ ಒಂದು ಊಟಕ್ಕೆ ಕುಳಿತರೆ ಏಳಲು ಮನಸ್ಸಿಲ್ಲ, ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಎಷ್ಟು ತಿಂದೆ ಅಂತ ಲೆಕ್ಕವೇ ಇರುತ್ತಿರಲಿಲ್ಲ. ತಿಂಗಳ ಕೊನೆಗೆ ತೂಕ ಅಷ್ಟೇ, ಮನೆಯವರ ಮೇಲೆ ಸಿಡುಕು ಮಾತ್ರ ಜಾಸ್ತಿ.

ನಿಮ್ಮ ಮೆಟಬಾಲಿಸಂ ಹಾಳಾಗಿಲ್ಲ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕ್ಯಾಲರಿಯನ್ನು ಅಂದಾಜು ಮಾಡಲು ಹೆಂಗಸರಿಗೆ ಒಂದು ಲೆಕ್ಕ ಇದೆ: ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ಅದರಲ್ಲಿ ವಯಸ್ಸಿನ ಐದರಷ್ಟನ್ನೂ 161ನ್ನೂ ಕಳೆಯಬೇಕು. 72 ಕೆಜಿಯಲ್ಲಿ ನಿಮಗೆ 1319 ಬರುತ್ತದೆ, 68ರಲ್ಲಿ 1279. ತೂಕ ಇಳಿದದ್ದಕ್ಕೆ ಕಡಿಮೆಯಾದದ್ದು ಬರೀ 40. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ತೋಟ ಸುತ್ತಿ, ಆಳುಗಳ ಜೊತೆ ಹತ್ತಿ ಇಳಿದು ಓಡಾಡುವ ದಿನ ಈ 1279ನ್ನು 1.55ರಿಂದ ಗುಣಿಸುತ್ತಾರೆ, 1980ರ ಹತ್ತಿರ. ಜಡಿಮಳೆಯಲ್ಲಿ ಮನೆಯೊಳಗೇ ಕುಳಿತ ದಿನ 1.2ರಿಂದ, ಅಂದರೆ ಸುಮಾರು 1535. ಒಂದು ಹೊತ್ತಿನ ಊಟದಷ್ಟು ಖರ್ಚು ಮಳೆಯೇ ನಿಲ್ಲಿಸಿಬಿಟ್ಟಿದೆ. ನಮ್ಮ ಊರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ತೂಕ ನಿಲ್ಲುವುದು ನನಗೂ ಆಗಿದೆ, ನನ್ನ ತಂಗಿಗೂ ಆಗಿದೆ.

ಅರೆಹೊಟ್ಟೆಯಲ್ಲಿದ್ದರೆ ದೇಹ ತನ್ನ ಖರ್ಚನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಅದು ಸುಳ್ಳಲ್ಲ. ಅಮೆರಿಕದ ಮಿನೆಸೋಟದಲ್ಲಿ 1944–45ರಲ್ಲಿ 36 ಗಂಡಸರನ್ನು ಸುಮಾರು ಆರು ತಿಂಗಳು ಹಾಗೆ ಇಟ್ಟು ನೋಡಿದ್ದರು. ಖರ್ಚು ಬಹಳ ಇಳಿಯಿತು, ಆದರೂ ಮೈತೂಕದ ಕಾಲುಭಾಗ ಹೋಯಿತು. ಕಡಿಮೆ ತಿಂದರೂ ದಪ್ಪ ಆದವರು ಅಲ್ಲಿ ಒಬ್ಬರೂ ಇಲ್ಲ. ಅತ್ತಿಗೆಯವರಿಗೆ ಇದನ್ನು ಹೇಳಿ.

ಇನ್ನು ಆ 'ಬರೀ ಕಾಫಿ'. ಬೆಲ್ಲ ಹಾಕುತ್ತೀರಾ? ನಾನು ಹಾಕುತ್ತಿದ್ದೆ. ನಮ್ಮಲ್ಲಿ ಬೆಲ್ಲದ ಕಾಫಿಯನ್ನು ಯಾರೂ ತಿಂಡಿಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನೀರಿನ ಹಾಗೆ ಕುಡಿಯುತ್ತೇವೆ. ಲೋಟಕ್ಕೆ 15 ಗ್ರಾಂ ಬೆಲ್ಲ ಅಂದರೂ 57 ಕ್ಯಾಲರಿ, ನಾಲ್ಕು ಲೋಟಕ್ಕೆ 230. ಮೇಲೆ ಉಪವಾಸವೂ ಮುರಿಯಿತು. ಬೆಲ್ಲ, ಹಾಲು ಎರಡೂ ಇಲ್ಲದ ಕಾಫಿಯಲ್ಲಿ ಕ್ಯಾಲರಿ ಇಲ್ಲವೆನ್ನುವಷ್ಟು ಕಡಿಮೆ.

ಒಂದು ಸಣ್ಣ ತಕ್ಕಡಿ ತನ್ನಿ. ಬೆಂದದ್ದನ್ನು ತೂಗಬೇಡಿ, ನೀರು ಸೇರಿ ಲೆಕ್ಕ ತಪ್ಪುತ್ತದೆ. ಕಡಂಬುಟ್ಟಿಗೆ ಅಕ್ಕಿ ತರಿಯನ್ನು ಒಣಗಿದ್ದಾಗಲೇ ತೂಗಿ: 100 ಗ್ರಾಂಗೆ ಸುಮಾರು 350 ಕ್ಯಾಲರಿ. ನನ್ನ ಕೈ ಅಳತೆಗೆ ಅಷ್ಟರಲ್ಲಿ ನಾಲ್ಕು ಉಂಡೆ ಆಗುತ್ತದೆ. ಅಕ್ಕಿ ಒಟ್ಟಿಗೆ ಸವರುವ ತುಪ್ಪ ಒಂದು ಟೀ ಚಮಚ ಅಂದರೆ 45. ಹೀಗೆ ಹತ್ತು ದಿನ ಬರೆದಿಟ್ಟೆ. ನಾನು 1400 ಅಂದುಕೊಂಡಿದ್ದು 1800 ದಾಟಿತ್ತು. ಆ ಪುಸ್ತಕ ನೋಡಿ ಅತ್ತೇ ಬಿಟ್ಟೆ, ಆದರೆ ಅಲ್ಲಿಂದಲೇ ತೂಕ ಇಳಿಯಲು ಶುರುವಾಯಿತು. ಎಂಟು ತಿಂಗಳಲ್ಲಿ 7 ಕೆಜಿ.

ಹದಿನಾರು ಗಂಟೆಯ ಉಪವಾಸ ಒಗ್ಗಿದ್ದರೆ ಮುಂದುವರಿಸಿ. ಅದರಲ್ಲೇ ಬೇರೆ ಶಕ್ತಿ ಇದೆ ಅಂತ ನಂಬಬೇಡಿ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡು ಗುಂಪಿಗೂ ಕ್ಯಾಲರಿ ಮಿತಿ ಒಂದೇ, ಒಂದು ಗುಂಪು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ತಿನ್ನಬೇಕಿತ್ತು. ಅವರಿಗೆ ಸರಾಸರಿ 8 ಕೆಜಿ ಇಳಿಯಿತು, ಉಳಿದವರಿಗೆ 6.3. ಆ ಅಂತರ ಗಡಿಯಾರದಿಂದಲೇ ಬಂತು ಎನ್ನುವಷ್ಟು ದೊಡ್ಡದಲ್ಲ.

ಸೋಮವಾರಪೇಟೆಯಿಂದ:

ತಂಗೀ, ಸಕ್ಕರೆ ಕಾಯಿಲೆ ಮಾತ್ರೆ ಏನಾದರೂ ತಗೊಳ್ತಾ ಇದ್ದೀಯಾ? ಅದನ್ನು ಮೊದಲು ಹೇಳು. ನಾನು ಗ್ಲಿಮಿಪಿರೈಡ್ ನುಂಗಿ, ಬೆಳಗಿನ ತಿಂಡಿ ಬಿಟ್ಟು ಮೆಣಸಿನ ಬಳ್ಳಿ ನೋಡಲು ತೋಟಕ್ಕೆ ಹೋದವನು. ಹತ್ತೂವರೆಗೆ ಕೈಕಾಲು ನಡುಕ, ಚಳಿಯಲ್ಲೂ ಮೈಯೆಲ್ಲ ಬೆವರು, ಮಾತು ತೊದಲು. ಕುಡಿದಿದ್ದೇನೆ ಅಂತ ಆಳುಗಳು ಅಂದುಕೊಂಡರು. ಲೈನ್ ಮನೆಯ (ತೋಟದ ಆಳುಗಳ ಸಾಲುಮನೆ) ಹೆಂಗಸೊಬ್ಬಳು ಸಕ್ಕರೆ ನೀರು ಕುಡಿಸಿದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆಯಲ್ಲಿ ಏನಿದೆ, ಏನಿಲ್ಲ ಅಂತ ಆ ಮಾತ್ರೆ ಕೇಳುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಅಷ್ಟೇ, ಡಾಕ್ಟರ ಹತ್ತಿರ ಪ್ರಮಾಣ ಬದಲಿಸಿಕೊಳ್ಳದೆ ಉಪವಾಸ ಶುರು ಮಾಡಬಾರದು.

ಪೊನ್ನಂಪೇಟೆಯಿಂದ:

ನಡಿಗೆ ನಿಲ್ಲಿಸಬೇಡಿ. ನಮ್ಮ ಕಡೆ ಬೆಳಿಗ್ಗೆ ಆನೆ ಹೆದರಿಕೆ, ಮಳೆಯಲ್ಲಿ ಜಿಗಣೆ. ಹಾಗಾಗಿ ನಾನು ಕಾಫಿ ಕಣದ ಪಕ್ಕದ ಗೋದಾಮಿನೊಳಗೆ ಅರ್ಧ ಗಂಟೆ ನಡೆಯುತ್ತೇನೆ. ಮಧ್ಯಾಹ್ನದ ಊಟಕ್ಕೆ ಎರಡು ಮೊಟ್ಟೆಯೋ, ಮೀನೋ, ಹೆಸರುಕಾಳೋ ಇರಲಿ. ಬರೀ ಅನ್ನ ಸಾರಿನ ಮೇಲೆ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ಕೈಲ್‌ಪೊಳ್ದ್ ದಿನ ಪಂದಿ ಕರಿ, ಕಡಂಬುಟ್ಟು ಎಲ್ಲರ ಜೊತೆ ಕುಳಿತು ತಿನ್ನಿ. ಮರುದಿನ ತಕ್ಕಡಿ ಒಂದು ಕೆಜಿ ಜಾಸ್ತಿ ತೋರಿಸಿದರೆ ಹೆದರಬೇಡಿ. ಒಂದು ಕೆಜಿ ಕೊಬ್ಬು ಸೇರಲು ಖರ್ಚಿಗಿಂತ ಸುಮಾರು 7700 ಕ್ಯಾಲರಿ ಹೆಚ್ಚು ತಿನ್ನಬೇಕು. ತಕ್ಕಡಿ ತೋರಿಸುವುದು ಹೆಚ್ಚಾಗಿ ಉಪ್ಪು, ಅಕ್ಕಿ ಹಿಡಿದಿಟ್ಟ ನೀರು. ಮೂರ್ನಾಲ್ಕು ದಿನದಲ್ಲಿ ಹೋಗುತ್ತದೆ.

ಸುಂಟಿಕೊಪ್ಪದಿಂದ, ಕೇಳಿದವಳು:

ಎಲ್ಲರಿಗೂ ತುಂಬಾ ಧನ್ಯವಾದ. ಅಣ್ಣಾ, ನನಗೆ ಸಕ್ಕರೆ ಕಾಯಿಲೆ ಇಲ್ಲ. ಥೈರಾಯ್ಡ್ ಪರೀಕ್ಷೆಗೆ ಇವತ್ತು ರಕ್ತ ಕೊಟ್ಟು ಬಂದೆ. ಬೆಲ್ಲ ತೂಗಿ ನೋಡಿದೆ. ಲೋಟಕ್ಕೆ 18 ಗ್ರಾಂ, ದಿನಕ್ಕೆ ಐದು ಲೋಟ. ಅತ್ತಿಗೆಯ ಲೋಟವನ್ನೂ ತೂಗಿದೆವು, ಅವರದು 22. ನಾಳೆಯಿಂದ ಇಬ್ಬರೂ ಬೆಲ್ಲವಿಲ್ಲದೆ ಕುಡಿದು ನೋಡುತ್ತೇವೆ.