ಓದುಗರ ಸ್ಪಂದನ: ಮೊದಲ ಪುಟದಲ್ಲಿ ಮ್ಯಾನೇಜರ್ ಹೆಸರು

ಕಳೆದ ವಾರ ಬೆಂಗಳೂರಿನ ಓದುಗಿಯೊಬ್ಬರು ತಮ್ಮ ಸಂಕಟ ಬರೆದಿದ್ದರು. ವಯಸ್ಸು 26, ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ. ಹೊಸಬರಿಗೆ ಕಲಿಸಲು ಮೂರು ತಿಂಗಳು ಕೂತು ಒಂದು ಕೈಪಿಡಿ ಬರೆದರು. ಅದು ಎಲ್ಲರ ಕೈಗೆ ಬಂದಾಗ ಮೊದಲ ಪುಟದಲ್ಲಿ ಇದ್ದದ್ದು ಮ್ಯಾನೇಜರ್ ಹೆಸರು. ಅದೇ ವಾರ ಗೆಳತಿ ಕೊಟ್ಟಿದ್ದ ಚೇತನ್ ಭಗತ್ ಅವರ 'ಒನ್ ನೈಟ್ ಅಟ್ ದ ಕಾಲ್ ಸೆಂಟರ್' ಕಾದಂಬರಿ ಓದಿದರಂತೆ. ಅಲ್ಲೂ ಶ್ಯಾಮ್ ಮತ್ತು ವ್ರೂಮ್ ಬರೆದ ಕೈಪಿಡಿಯನ್ನು ಬಾಸ್ ಬಕ್ಷಿ ತನ್ನದೆಂದು ಕಳಿಸಿಬಿಡುತ್ತಾನೆ. "ಅವರು ಕೆಲಸ ಬಿಟ್ಟರು. ನಾನೂ ಬಿಡಲಾ? ಅಪ್ಪ ನಿವೃತ್ತರು. ತಮ್ಮನ ಫೀಸು ನನ್ನ ಸಂಬಳದಲ್ಲೇ ಆಗಬೇಕು" ಎಂದು ಕೇಳಿದ್ದರು. ಪತ್ರಗಳು ರಾಶಿ ಬಿದ್ದಿವೆ. ಕೆಲವನ್ನಷ್ಟೇ ಇಲ್ಲಿ ಕೊಡುತ್ತಿದ್ದೇವೆ.

* * *

ಕಾದಂಬರಿಯವರಿಗೆ ದೇವರು ಫೋನ್ ಮಾಡಿದ. ಕೆಲಸ ಬಿಟ್ಟರೆ ನಿಮಗೆ ಬ್ಯಾಂಕಿನವರು ಮಾಡುತ್ತಾರೆ.
– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

* * *

ಮಾತು ಖಾರ. ಲೆಕ್ಕವೇನೂ ತಪ್ಪಿಲ್ಲ. ಮುಂದಿನ ಪತ್ರ ಉದ್ದವಿದೆ, ಕತ್ತರಿ ಹಾಕಲು ಮನಸ್ಸು ಬರಲಿಲ್ಲ. – ಸಂ.

* * *

ತಂಗಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 2005ರಲ್ಲಿ ಆ ಕಾದಂಬರಿ ಬಂದಾಗ ನಾನೂ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿದ್ದೆ. ಕಥೆ ನಡೆಯೋದು ಗುರಗಾಂವಿನಲ್ಲಿ, ಆದರೆ ಓದುವಾಗ ನಮ್ಮ ಫ್ಲೋರಿನದ್ದೇ ಅನ್ನಿಸಿತ್ತು. ಅಲ್ಲಿ ಶ್ಯಾಮ್ ಅಮೆರಿಕದ ಗ್ರಾಹಕರಿಗೆ ಫೋನಿನಲ್ಲಿ ಸ್ಯಾಮ್ ಆಗುತ್ತಾನೆ. ನಾನು ಜೆನ್ನಿ ಆಗಿದ್ದೆ. ಅಮೆರಿಕದ ಪೂರ್ವ ತೀರದಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅವರು ಅಲ್ಲಿ ಗಡಿಯಾರ ತಿರುಗಿಸಿದರೆ ಇಲ್ಲಿ ನಮ್ಮ ಮನೆ ಮುಂದೆ ಕ್ಯಾಬ್ ಒಂದು ಗಂಟೆ ತಡವಾಗಿ ಬರುತ್ತಿತ್ತು.

ಆ ವರ್ಷ ಡಿಸೆಂಬರಿನಲ್ಲಿ ನಮ್ಮ ಊರಲ್ಲೇ ರಾತ್ರಿ ಪಾಳಿಗೆ ಹೊರಟ ಹುಡುಗಿಯೊಬ್ಬಳನ್ನು ಕ್ಯಾಬಿನಲ್ಲಿ ಕರೆದುಕೊಂಡು ಹೋದವನೇ ಕೊಂದ. ಮಾರನೇ ದಿನದಿಂದ ಅಪ್ಪ ಗೇಟಿನ ಹತ್ತಿರ ನಿಂತು ಗಾಡಿ ನಂಬರ್ ಬರೆದುಕೊಳ್ಳತೊಡಗಿದರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ. ಅವರು ತೀರಿಕೊಂಡ ಮೇಲೆ ಬೀರುವಿನಲ್ಲಿ ಆ ಪುಸ್ತಕ ಸಿಕ್ಕಿತು. ಆರು ಪುಟ, ಬರೀ ನಂಬರ್.

ನೀವು ಕೇಳಿದ್ದು ಇದಲ್ಲ, ಗೊತ್ತು. ನನ್ನ ಟೀಮ್ ಲೀಡರ್ ಒಂದು ತಿಂಗಳು ನನ್ನ ಸ್ಕೋರನ್ನು ಇನ್ನೊಬ್ಬನ ಹೆಸರಿಗೆ ಹಾಕಿದ. ಇನ್ಸೆಂಟಿವ್ ಅವನಿಗೆ ಹೋಯಿತು. ನಾನು ಹೆಡ್‌ಸೆಟ್ ಕಿತ್ತಿಟ್ಟು ನಡುರಾತ್ರಿ ಎದ್ದು ಹೊರಗೆ ಬಂದೆ. ಹೀರೋಯಿನ್ ಥರ. ಹೊರಗೆ ಬಂದ ಮೇಲೆ ಗೊತ್ತಾಯಿತು, ಬೆಳಿಗ್ಗೆಯವರೆಗೆ ಕ್ಯಾಬ್ ಇಲ್ಲ. ಸೆಕ್ಯುರಿಟಿಯವರ ಕುರ್ಚಿಯಲ್ಲಿ ಐದು ಗಂಟೆವರೆಗೆ ಕೂತಿದ್ದೆ. ನೋಟಿಸ್ ಕೊಡದೆ ಬಂದದ್ದರಿಂದ ರಿಲೀವಿಂಗ್ ಲೆಟರ್ ಸಿಗಲಿಲ್ಲ. ಆಮೇಲೆ ಹೋದ ಕಡೆಯೆಲ್ಲ ಮೊದಲು ಕೇಳುತ್ತಿದ್ದದ್ದೇ ಅದನ್ನು. ಹನ್ನೊಂದು ತಿಂಗಳು ಮನೆಯಲ್ಲಿದ್ದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಬಿಡಬೇಡಿ ಅಂತ ನಾನು ಹೇಳೋದಿಲ್ಲ. ಬಿಟ್ಟದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸಿಲ್ಲ. ಆದರೆ ಆ ಸ್ಕೋರ್ ನನ್ನದು ಅಂತ ಒಂದು ಸಾಲು ಎಲ್ಲೂ ಬರೆದು ಕೊಡಲಿಲ್ಲ. ಅದು ಇನ್ನೂ ಉರಿಯುತ್ತದೆ.
– ಓದುಗಿ, ಹಾಸನ

* * *

ಬರೆದು ಕೊಡುವ ಮಾತು ಬಂತಲ್ಲ, ಅದಕ್ಕೆ ಸರಿಯಾಗಿ ಮುಂದಿನ ಪತ್ರ. – ಸಂ.

* * *

ಕೈಪಿಡಿ ನಿಮ್ಮದಲ್ಲ. ಮ್ಯಾನೇಜರದ್ದೂ ಅಲ್ಲ. ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಗೆ ಸೇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಇದನ್ನೇ. ಆದರೆ ಅಲ್ಲಿಗೇ ನಿಲ್ಲಬೇಡಿ, 57ನೇ ಸೆಕ್ಷನ್ ನೋಡಿ. ಹಕ್ಕು ಬೇರೆಯವರದ್ದಾದರೂ 'ಇದನ್ನು ಬರೆದವಳು ನಾನು' ಎಂದು ಹೇಳುವ ಅಧಿಕಾರ ಬರೆದವರ ಹತ್ತಿರವೇ ಉಳಿಯುತ್ತದೆ. ಕೋರ್ಟಿಗೆ ಹೋಗಿ ಅಂತಲ್ಲ. ಒಂದು ಮೇಲ್ ಹಾಕಿ. ಯಾವ ಡ್ರಾಫ್ಟ್ ಯಾವ ದಿನ ಯಾರಿಗೆ ಕಳಿಸಿದಿರಿ ಅಂತ ಬರೆಯಿರಿ, ಮೊದಲ ಪುಟ ತಿದ್ದಲು ಕೇಳಿ, ಎಚ್‌ಆರ್‌ಗೂ ಒಂದು ಪ್ರತಿ ಇರಲಿ. ಬೈಗುಳ ಬೇಡ. ಸಾಕ್ಷಿಗೆ ಅಂತ ಆಫೀಸಿನ ಫೈಲುಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಆಮೇಲೆ ತಪ್ಪು ನಿಮ್ಮ ತಲೆಗೇ ಬರುತ್ತದೆ.
– ವಕೀಲರು, ಧಾರವಾಡ

* * *

ಇದನ್ನು ಎರಡು ಸಲ ಓದಿ ಎಂದು ಆ ಓದುಗಿಯಲ್ಲಿ ಕೇಳಿಕೊಳ್ಳುತ್ತೇವೆ. ಇನ್ನು ಕೆಲವರಿಗೆ ಅವರ ಕೆಲಸಕ್ಕಿಂತ ಅವರ ಓದಿನದೇ ಚಿಂತೆ. – ಸಂ.

* * *

ಬಾಸ್ ಕಾಟಕ್ಕೆ ಇಂಗ್ಲಿಷ್ ಕಾದಂಬರಿಯೇ ಬೇಕಿತ್ತೇ? ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲೇ ಬಂದಿದೆ. ಬೊಂಬಾಯಿಯ ಕಂಪನಿಯಲ್ಲಿ ದುಡಿಯುವ ನಾಗಪ್ಪನ ಸುತ್ತ ಆಫೀಸಿನವರೇ ಬಲೆ ಹೆಣೆಯುತ್ತಾರೆ. ಅವನಿಗೆ ಯಾವ ದೇವರ ಫೋನೂ ಬರುವುದಿಲ್ಲ. ಇಂದಿನ ಮಕ್ಕಳು ಕನ್ನಡ ಓದುವುದೇ ಇಲ್ಲ.
– ನಿವೃತ್ತ ಅಧ್ಯಾಪಕ, ಕುಮಟಾ

* * *

ಓದುತ್ತಾರೆ ಮೇಷ್ಟ್ರೇ. ನಮಗೇ ಬರೆದಿದ್ದಾರಲ್ಲ. – ಸಂ.

* * *

ಬಿಟ್ಟುಬಿಡಿ ಅಕ್ಕಾ! ಶ್ಯಾಮ್, ವ್ರೂಮ್ ಕೊನೆಗೆ ತಮ್ಮದೇ ವೆಬ್‌ಸೈಟ್ ಕಂಪನಿ ಶುರು ಮಾಡುತ್ತಾರಲ್ವಾ? ನಾನೂ ಗೆಳೆಯನ ಜೊತೆ ಸೇರಿ ಅದನ್ನೇ ಮಾಡಿದೆ. 14 ತಿಂಗಳಾಯಿತು. ಇನ್ನೂ ಸಂಬಳ ಅಂತ ತೆಗೆದುಕೊಂಡಿಲ್ಲ. ಆದರೆ ನೆಮ್ಮದಿ ಜಾಸ್ತಿ. ಬಾಡಿಗೆ ಸದ್ಯಕ್ಕೆ ಅಣ್ಣ ಕಟ್ಟುತ್ತಿದ್ದಾನೆ.
– ಓದುಗ, ಹುಬ್ಬಳ್ಳಿ

* * *

ಅಣ್ಣನಿಗೆ ನಮ್ಮ ನಮಸ್ಕಾರ ತಿಳಿಸಿ. – ಸಂ.

* * *

ಮಗಳೇ, ರಾತ್ರಿ ಎಷ್ಟು ಗಂಟೆಗೆ ಊಟ ಮಾಡುತ್ತೀಯ? ನನ್ನ ಮಗನೂ ಇದೇ ಕೆಲಸದಲ್ಲಿದ್ದ. ಮೂರು ಗಂಟೆಗೆ ಪಿಜ್ಜಾ ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡ. ಮೊಸರನ್ನ ಕಟ್ಟಿಕೊಂಡು ಹೋಗು. ಹೊಟ್ಟೆ ತಣ್ಣಗಿದ್ದರೆ ಸಿಟ್ಟೂ ಕಡಿಮೆ.
– ಗೃಹಿಣಿ, ಸಾಗರ

* * *

ಊರಿನ ಹೆಸರೂ ಬೇಡ ಎಂದು ಕೋರಿ ಬಂದ ಪತ್ರವೊಂದಿದೆ. – ಸಂ.

* * *

ನಾನು ಮ್ಯಾನೇಜರ್. ನಿಮ್ಮವನಲ್ಲ, ಬೇರೆ ಕಡೆಯವನು. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗ ಮಾಡಿದ್ದ ಪ್ರೆಸೆಂಟೇಶನ್ ನನ್ನ ಹೆಸರಲ್ಲಿ ಹೋಯಿತು. ಆ ಮೀಟಿಂಗಿನಲ್ಲಿ ಅವನೂ ಇದ್ದ. ಮುಗಿಯುವವರೆಗೂ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದ, ತಲೆ ಎತ್ತಲಿಲ್ಲ. ಎರಡು ತಿಂಗಳಿಗೆ ಕೆಲಸ ಬಿಟ್ಟ. ಅವನು ಒಂದು ಮಾತು ಕೇಳಿದ್ದರೆ ಹೆಸರು ಬದಲಾಯಿಸಿಬಿಡುತ್ತಿದ್ದೆ. ಅವನು ಕೇಳುವುದಿಲ್ಲ ಅಂತಲೂ ನನಗೆ ಗೊತ್ತಿತ್ತು.