ಪದಚರ್ಚೆ: ಕಿವಿ ಚುಚ್ಚಿದ ಮೇಲೆ ಆಗುವ ‘ನಂಜು’

ಪ್ರಶ್ನೆ: ತೀರ್ಥಹಳ್ಳಿ, ಹೊಸನಗರದ ಕಡೆ ಮಕ್ಕಳ ಕಿವಿ ಚುಚ್ಚಿಸಿದ ಮೇಲೆ ಏನೇ ತೊಂದರೆಯಾದರೂ ‘ಕಿವಿ ನಂಜಾಗಿದೆ’ ಎನ್ನುತ್ತಾರೆ. ತಾಯಂದಿರಿಗಾಗಿ ಆರೈಕೆಯ ಕರಪತ್ರವೊಂದು ಸಿದ್ಧವಾಗುತ್ತಿದೆ. ಅದರಲ್ಲಿ ‘ನಂಜು’ ಎಂದೇ ಬರೆಯಬಹುದೆ, ‘ಸೋಂಕು’ ಎನ್ನಬೇಕೆ? ‘ಕಿವಿ ಸೋರುತ್ತಿದ್ದರೆ’ ಎಂಬ ಬಳಕೆ ಸರಿಯೆ?

ಉತ್ತರ: ನಂಜು ಎಂದರೆ ಮೂಲದಲ್ಲಿ ವಿಷ, ನಂಜುಂಡನ ಹೆಸರಿನಲ್ಲಿ ಉಳಿದಿರುವುದು ಅದೇ ಅರ್ಥ. ಗಾಯದ ಮಾತು ಬಂದಾಗ ಮಲೆನಾಡಿನಲ್ಲಿ ಊತ, ತುರಿಕೆ, ಕೀವು, ಗಂಟು ಎಲ್ಲಕ್ಕೂ ಅದೊಂದೇ ಪದ ನಡೆಯುತ್ತದೆ. ಆದರೆ ಒಂದೊಂದಕ್ಕೂ ಮಾಡಬೇಕಾದ್ದು ಬೇರೆ. ‘ಸೋಂಕು’ ಇವುಗಳಲ್ಲಿ ಒಂದಕ್ಕಷ್ಟೇ ಹೊಂದುತ್ತದೆ. ತಲೆಬರಹದಲ್ಲಿ ‘ನಂಜು’ ಇರಲಿ, ಜನ ಓದುವುದು ಅದನ್ನೇ. ಒಳಗೆ ಮಾತ್ರ ಕಣ್ಣಿಗೆ ಕಾಣುವ ಲಕ್ಷಣವನ್ನೇ ಹೆಸರಿಸಿ.

ಮೊದಲು ಬರಬೇಕಾದ ಪದ ‘ಹಕ್ಕಳೆ’. ಚುಚ್ಚಿದ ಮೊದಲ ವಾರಗಳಲ್ಲಿ ತೆಳುನೀರು ಒಸರಿ, ಒಣಗಿ, ತೂತಿನ ಸುತ್ತ ಹಕ್ಕಳೆ ಕಟ್ಟುತ್ತದೆ. ಇದು ನಂಜಲ್ಲ, ಗಾಯ ಮಾಯುವ ಕ್ರಮ. ಉಗುರಿನಿಂದ ಕೀಳಬಾರದು. ಕುದಿಸಿ ಆರಿಸಿದ 250 ಮಿಲಿ ನೀರಿಗೆ ಕಾಲು ಟೀ ಚಮಚ ಉಪ್ಪು ಕದಡಿ, ತೊಳೆದ ಕೈಯಿಂದ ಶುಭ್ರ ಬಟ್ಟೆ ಅದ್ದಿ, ದಿನಕ್ಕೆರಡು ಸಲ ನೆನೆಸಿ ಒರೆಸಿ, ತೇವ ಉಳಿಯದಂತೆ ಒತ್ತಿದರೆ ಸಾಕು. ಕೊಬ್ಬರಿ ಎಣ್ಣೆ, ಅರಿಶಿನ ಮೆತ್ತಿದರೆ ಹಕ್ಕಳೆಯ ಜೊತೆ ಸೇರಿ ತೂತಿನ ಬಾಯಿ ಕಟ್ಟಿಕೊಂಡು ಒಸರು ಒಳಗೇ ನಿಲ್ಲುತ್ತದೆ. ಸ್ಪಿರಿಟ್ ಎಳೆ ಚರ್ಮವನ್ನು ಸುಡುತ್ತದೆ. ಓಲೆಯನ್ನು ದಿನವೂ ತಿರುಗಿಸಬೇಕೆಂಬ ಸಲಹೆಯನ್ನೂ ಕೈಬಿಡಿ; ತಿರುಗಿಸಿದಾಗಲೆಲ್ಲ ಒಳಗೆ ಕೂಡುತ್ತಿದ್ದ ಚರ್ಮ ಹರಿಯುತ್ತದೆ. ಕಿವಿಯ ಹಾಲೆ ಮಾಯಲು 6ರಿಂದ 8 ವಾರ ಬೇಕು.

ಜಾಗ ಬಿಸಿಯಾಗಿ, ಊದಿ, ಮಿಡಿಯುತ್ತ ನೋಯುತ್ತಿದ್ದು ದಪ್ಪ ಹಳದಿ ಅಥವಾ ಹಸಿರು ‘ಕೀವು’ ಬಂದರೆ ಅದು ಸೋಂಕು. ಗಾಬರಿಯಿಂದ ಓಲೆ ಬಿಚ್ಚಿದರೆ ತೂತು ಮುಚ್ಚಿ ಕೀವು ಒಳಗೇ ಸಿಕ್ಕಿಕೊಳ್ಳಬಹುದು. ಓಲೆ ಇದ್ದಂತೆಯೇ ವೈದ್ಯರಿಗೆ ತೋರಿಸಬೇಕು. ತೆಗೆಯುವುದು ಬಿಡುವುದು ಅವರ ತೀರ್ಮಾನ.

‘ತುರಿ’ ಬೇರೆ. ಕೀವಿಲ್ಲದೆ ಕೆರೆತ, ಸಣ್ಣ ಗುಳ್ಳೆ, ಜಿನುಗು ಕಂಡು, ಓಲೆ ಬದಲಿಸಿದರೆ ಇಳಿದು, ಮತ್ತೆ ಹಾಕಿದರೆ ಮರುಕಳಿಸಿದರೆ ಬಹುಮಟ್ಟಿಗೆ ಓಲೆಯಲ್ಲಿರುವ ನಿಕ್ಕಲ್ ಲೋಹ ಒಗ್ಗದಿರುವುದೇ ಕಾರಣ. ಇದಕ್ಕೆ ‘ನಂಜು’ ಎಂದುಬಿಟ್ಟರೆ ಮನೆಯವರು ಬದನೆಕಾಯಿ ಬಿಡಿಸುತ್ತಾರೆ, ಓಲೆಯನ್ನು ಬಿಡಿಸುವುದಿಲ್ಲ. ಈ ಒಂದು ಸಾಲು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಬರಲಿ.

‘ಗಂಟು’ ತಿಂಗಳುಗಳ ನಂತರವೂ ಏಳಬಹುದು. ತೂತಿನ ಅಂಚು ದಾಟಿ ಬೆಳೆಯುತ್ತಲೇ ಹೋದರೆ ಅದು ಕೆಲಾಯ್ಡ್. ಬರೀ ಕೊಯ್ದು ತೆಗೆದರೆ ಮತ್ತೆ ಬರುವ ಸಂಭವ ಹೆಚ್ಚು, ಆದ್ದರಿಂದ ಚರ್ಮವೈದ್ಯರು ಇಂಜೆಕ್ಷನ್ನನ್ನೂ ಜೊತೆಗೆ ಕೊಡುವುದುಂಟು.

ಮತ್ತೊಂದು ಉತ್ತರ: ‘ಕಿವಿ ಸೋರುವುದು’ ಬೇಡವೇ ಬೇಡ. ನಮ್ಮಲ್ಲಿ ಆ ಮಾತಿಗೆ ಕಿವಿಯೊಳಗಿಂದ ಕೀವು ಬರುವುದು ಎಂದೇ ಅರ್ಥ. ಓದಿದವರು ಕಿವಿಗೆ ಔಷಧಿಯ ಹನಿ ಬಿಟ್ಟುಕೊಂಡಾರು. ‘ಓಲೆ ತೂತಿನಲ್ಲಿ ಕೀವು’ ಎಂದು ಬರೆಯಿರಿ.

ಕಿವಿಯ ಮೇಲಂಚಿಗೆ ‘ಮೃದ್ವಸ್ಥಿ’ ಎಂದು ಹಾಕುವ ಬದಲು ‘ಬುಗುಡಿ ಹಾಕುವ ಜಾಗ’ ಎಂದರೆ ಅಜ್ಜಿಯರಿಗೂ ತಿಳಿಯುತ್ತದೆ. ಅಲ್ಲಿನ ಎಚ್ಚರಿಕೆ ಬೇರೆಯೇ ಇರಬೇಕು: ಆ ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ, ಮಾಯಲು 6ರಿಂದ 12 ತಿಂಗಳು ಹಿಡಿಯಬಹುದು, ಕೀವಾದರೆ ಕಿವಿ ಮುದುಡಿ ಆಕಾರವೇ ಕೆಡಬಹುದು. ಅಲ್ಲಿಗೆ ಕಿವಿ ಚುಚ್ಚುವ ಗನ್ ಬೇಡ, ಹೊಸ ಸೂಜಿಯೇ ಆಗಬೇಕು; ಗನ್ ಚುಚ್ಚುವುದಕ್ಕಿಂತ ಜಜ್ಜುತ್ತದೆ.

‘ತಿರುಪು’ ಎಲ್ಲರೂ ಬಲ್ಲ ಪದ, ಹಾಗೇ ಇಡಿ. ಅದನ್ನು ಹಾಲೆಗೆ ಅಂಟುವಷ್ಟು ಬಿಗಿ ಮಾಡಿದರೆ ಊತ ಬಂದಾಗ ಚರ್ಮದೊಳಗೆ ಹೂತುಕೊಳ್ಳುತ್ತದೆ. ಹಾಲೆಗೂ ತಿರುಪಿಗೂ ನಡುವೆ ಸ್ವಲ್ಪ ಸಂದು ಬಿಟ್ಟಿರಬೇಕು. ಜೂನ್ ಬಂತೆಂದರೆ ಒದ್ದೆ ಕೂದಲ ಮೇಲೇ ಉಣ್ಣೆ ಟೋಪಿ ಎಳೆಯುವ ಊರು ನಮ್ಮದು, ಆ ಟೋಪಿಯ ಎಳೆ ಸಿಕ್ಕಿಕೊಳ್ಳುವುದೂ ತಿರುಪಿಗೇ.