ಹಾಕ್ ಮೌಂಟನ್‌ನಲ್ಲಿ ಹದ್ದು ಎಣಿಸೋದು: ಒಂದೇ ಹಕ್ಕೀನ ಎರಡು ಸಲ ಎಣಿಸಿಬಿಡಲ್ವಾ?

ತುಂಗಾತೀರ:

ಎಲ್ರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿ ಎಡಿಸನ್‌ನಲ್ಲಿ. ಮಗಳು ಆರನೇ ಕ್ಲಾಸು, ಹಕ್ಕಿ ಹುಚ್ಚು ಜಾಸ್ತಿ, ಈ ಸೆಪ್ಟೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ಗೆ ಕರ್ಕೊಂಡು ಹೋಗ್ಲೇಬೇಕು ಅಂತ ಹಟ ಹಿಡಿದಿದಾಳೆ. ಅಲ್ಲಿ ಬೆಟ್ಟದ ತುದೀಲಿ ಬಂಡೆ ಮೇಲೆ ಕೂತ್ಕೊಂಡು ದಕ್ಷಿಣಕ್ಕೆ ವಲಸೆ ಹೋಗೋ ಹದ್ದು, ಗಿಡುಗ, ಡೇಗೆ ಎಲ್ಲಾನೂ ಎಣಿಸ್ತಾರಂತಲ್ಲ, ಆಗಸ್ಟ್ ಮಧ್ಯದಿಂದ ಡಿಸೆಂಬರ್ ಮಧ್ಯದ ತನಕ ದಿನಾ. ನಂಗೆ ಅರ್ಥವಾಗದೇ ಇರೋದು ಏನಂದ್ರೆ, ಆಕಾಶದಲ್ಲಿ ನೂರಾರು ಹಕ್ಕಿ ಗುಂಪಾಗಿ ಗಿರಗಿರ ಸುತ್ತುತಾ ಇರುವಾಗ ಯಾವುದನ್ನ ಎಣಿಸಿದೀವಿ ಯಾವುದನ್ನ ಬಿಟ್ಟಿದೀವಿ ಅಂತ ಹೇಗೆ ಗೊತ್ತಾಗುತ್ತೆ? ಸುತ್ತಿ ಬಂದಿದ್ದನ್ನೇ ಇನ್ನೊಂದ್ಸಲ ಎಣಿಸಿಬಿಟ್ರೆ? ಅಷ್ಟು ದೂರದಿಂದ ಬರೀ ಚುಕ್ಕಿ ತರ ಕಾಣೋದನ್ನ ಯಾವ ಜಾತಿ ಅಂತ ಹೇಗೆ ಹೇಳ್ತಾರೆ? ಮಗಳು ಇದೇ ಕೇಳ್ತಿದಾಳೆ, ಉತ್ತರ ಗೊತ್ತಿಲ್ಲ.

ಇನ್ನೊಂದು ವಿಷಯ, ನಮ್ಮ ಮಾವ ತೀರ್ಥಹಳ್ಳಿಯಿಂದ ಬಂದಿದಾರೆ, ಅವರಿಗೂ ಬರೋ ಆಸೆ ಇದೆ ಆದ್ರೆ ಮಂಡಿನೋವು. ಬೆಟ್ಟ ಹತ್ತೋದು ಎಷ್ಟಿದೆ? ಯಾವ ವಾರ ಹೋದ್ರೆ ಒಳ್ಳೇದು?

ಗಾಳಿಗುಡ್ಡ:

ತುಂಗಾತೀರ ಅವರೇ, ಮಗಳು ಕೇಳಿರೋದು ಸರಿಯಾದ ಪ್ರಶ್ನೆ, ಎಣಿಸೋರು ಮೊದಲು ಕಲಿಯೋದೇ ಇದನ್ನ. ನಾನು ಮಾಂಟ್‌ಕ್ಲೇರ್ ಲುಕೌಟ್‌ನಲ್ಲಿ ವಾಲಂಟಿಯರ್ ಆಗಿ ನಿಲ್ಲೋದು, ನಿಮಗೆ ಅದು ಹತ್ರಾನೂ ಆಗುತ್ತೆ, ಅಲ್ಲೂ 1957ರಿಂದ ಎಣಿಕೆ ನಡೀತಾ ಇದೆ.

ಸೆಪ್ಟೆಂಬರ್ ಮಧ್ಯದಲ್ಲಿ ನೀವು ನೋಡೋ ಗುಂಪು ಬಹುಪಾಲು ಬ್ರಾಡ್‌ವಿಂಗ್ಡ್ ಹಾಕ್. ಹೆಚ್ಚುಕಮ್ಮಿ ಕಾಗೆ ಗಾತ್ರದ ಗಿಡುಗ, ಬಾಲದ ಮೇಲೆ ದಪ್ಪ ಕಪ್ಪು ಬಿಳಿ ಪಟ್ಟೆ. ಇದು ದಕ್ಷಿಣ ಅಮೆರಿಕದ ತನಕ ಹೋಗ್ಬೇಕು, ಅಷ್ಟು ದೂರ ರೆಕ್ಕೆ ಬಡ್ಕೊಂಡು ಹೋದ್ರೆ ಮೈಯಲ್ಲಿರೋ ಕೊಬ್ಬು ಸಾಲಲ್ಲ, ಅದಕ್ಕೆ ಬಿಸಿಲಿಗೆ ನೆಲ ಕಾದು ಮೇಲೇಳೋ ಬಿಸಿಗಾಳಿ ಹುಡ್ಕೊಂಡು ಅದರೊಳಗೆ ಸೇರಿ ಸುತ್ತುತಾ ಸುತ್ತುತಾ ಮೇಲಕ್ಕೆ ಹೋಗುತ್ತೆ, ಒಂದು ಸುತ್ತೋದನ್ನ ನೋಡಿ ಇನ್ನೊಂದು ಬರುತ್ತೆ, ಹಂಗೇ ನೂರು ಇನ್ನೂರು ಸೇರಿಬಿಡ್ತವೆ. ಇದನ್ನ ಇಲ್ಲಿ ಕೆಟಲ್ ಅಂತಾರೆ. ಈಗ ನಿಮ್ಮ ಪ್ರಶ್ನೆಗೆ ಉತ್ತರ: ಸುತ್ತುವಾಗ ಯಾರೂ ಎಣಿಸಲ್ಲ. ಕಾಯ್ತಾರೆ. ಗಾಳಿಯ ತುದಿ ಮುಟ್ಟಿದ ಮೇಲೆ ಅವು ರೆಕ್ಕೆ ಅರ್ಧ ಮಡಚಿ ಒಂದರ ಹಿಂದೆ ಒಂದು ದಕ್ಷಿಣಕ್ಕೆ ಜಾರೋಕೆ ಶುರು ಮಾಡ್ತವೆ, ಆಗ ಎಲ್ಲ ಸಾಲಾಗಿರುತ್ತೆ. ಬೈನಾಕ್ಯುಲರ್‌ನ ಆಕಾಶದ ಒಂದು ಜಾಗಕ್ಕೆ ಹಿಡಿದು ಆ ಜಾಗ ದಾಟಿದ್ದನ್ನ ಕೈಯಲ್ಲಿರೋ ಕ್ಲಿಕ್ಕರ್ ಒತ್ತಿ ಎಣಿಸ್ತಾರೆ. ತುಂಬಾ ಇದ್ರೆ ಹತ್ತು ಹತ್ತು. ಎಲ್ಲ ಇಳಿದು ಹೋದ ಮೇಲೆ ಅದೇ ಗುಂಪನ್ನ ಎಣಿಸಿದ ಇನ್ನೊಬ್ರು ಇದ್ರೆ ಇಬ್ಬರ ಸಂಖ್ಯೆ ಹೋಲಿಸಿ ನೋಡ್ತಾರೆ.

ಉತ್ತರದ ಕಡೆ ವಾಪಸ್ ಹೋದ ಹಕ್ಕಿ ಲೆಕ್ಕಕ್ಕಿಲ್ಲ, ಅಲ್ಲೇ ಗೂಡು ಕಟ್ಟಿಕೊಂಡು ಬೆಳಗ್ಗಿಂದ ಸಂಜೆ ತನಕ ಅದೇ ಗುಡ್ಡದ ಮೇಲೆ ಹಾರಾಡೋ ರೆಡ್‌ಟೇಲ್ ಅನ್ನೋ ಗಿಡುಗದ ಜೋಡಿಯನ್ನೂ ಸೇರಿಸಲ್ಲ. ಹಾಗಂತ ಎರಡು ಸಲ ಎಣಿಸೋ ಸಮಸ್ಯೆ ಎಲ್ಲೂ ಇಲ್ಲ ಅಂತಲ್ಲ. ನ್ಯೂಜೆರ್ಸಿಯ ದಕ್ಷಿಣ ತುದಿ ಕೇಪ್ ಮೇನಲ್ಲಿ ನಿಜವಾಗ್ಲೂ ಇದೆ, ಅಲ್ಲಿ ಹಕ್ಕಿಗಳಿಗೆ ಎದುರಿಗೆ ಡೆಲವೇರ್ ಕೊಲ್ಲಿ ಸಿಗುತ್ತೆ, ನೀರಿನ ಮೇಲೆ ಬಿಸಿಗಾಳಿ ಸಿಗಲ್ಲ, ದಾಟೋಕೆ ಹಿಂದೆಮುಂದೆ ನೋಡಿ ವಾಪಸ್ ತಿರುಗಿ ಮತ್ತೆ ಬರ್ತವೆ, ಅಲ್ಲಿ ಎಣಿಸೋರಿಗೆ ಬಹಳ ಕಷ್ಟದ ಕೆಲಸ. ಹಾಕ್ ಮೌಂಟನ್ ಕಿಟಾಟಿನಿ ಅನ್ನೋ ಉದ್ದನೆ ಬೆಟ್ಟಸಾಲಿನ ಮೇಲಿದೆ, ಗಾಳಿ ಬೆಟ್ಟದ ಪಕ್ಕೆಗೆ ಬಡಿದು ಮೇಲಕ್ಕೆ ಏಳುತ್ತೆ, ಹಕ್ಕಿ ಆ ಸಾಲು ಹಿಡ್ಕೊಂಡು ಒಂದೇ ದಿಕ್ಕಿಗೆ ಹೋಗ್ತಾ ಇರುತ್ತೆ, ಅದಕ್ಕೇ ಅದು ಎಣಿಕೆಗೆ ಅಷ್ಟು ಚೆನ್ನಾಗಿರೋ ಜಾಗ.

ಜಾತಿ ಗುರುತಿಸೋದು ಬಣ್ಣ ನೋಡಿ ಅಲ್ಲ, ಆಕಾರ ಮತ್ತೆ ಹಾರೋ ರೀತಿ ನೋಡಿ. ಶಾರ್ಪ್‌ಶಿನ್ಡ್ ಅನ್ನೋ ಸಣ್ಣ ಗಿಡುಗ ಆದ್ರೆ ನಾಲ್ಕೈದು ಸಲ ಪಟಪಟ ಬಡಿದು ಒಂದು ಸಲ ತೇಲುತ್ತೆ, ನಮ್ಮೂರ ಬಿಜ್ಜು (ಶಿಕ್ರಾ) ಗಿಡುಗದ ಸಂಬಂಧಿ. ಕೆಸ್ಟ್ರೆಲ್ ಅನ್ನೋ ಸಣ್ಣ ಡೇಗೆಯ ರೆಕ್ಕೆ ತೆಳ್ಳಗೆ ಚೂಪಾಗಿರುತ್ತೆ. ಗೊತ್ತಾಗದಿದ್ದದ್ದನ್ನ ಗೊತ್ತಾಗಲಿಲ್ಲ ಅಂತಲೇ ಬರೀತಾರೆ, ಫಾರ್ಮಲ್ಲಿ ಅದಕ್ಕೆ ಬೇರೆ ಕಾಲಮ್ಮೇ ಇದೆ, ಊಹೆ ಮಾಡಿ ತುಂಬಿಸೋ ಹಾಗಿಲ್ಲ. ಮಗಳಿಗೆ ಇದನ್ನ ಖಂಡಿತ ಹೇಳಿ.

ಎರೆಭೂಮಿ:

ಗಾಳಿಗುಡ್ಡ ಸರ್ ಚಲೋ ಹೇಳ್ಯಾರ್ರಿ. ನಾನು ರಾಣೆಬೆನ್ನೂರು ಕಡೆಯಾಂವ. ನಮ್ಮ ಬಯಲುಸೀಮ್ಯಾಗ ಹಿಂಗ ಗುಡ್ಡದ ಮ್ಯಾಲೆ ಕುಂತು ಎಣಸೋದು ಕಡಿಮಿ, ಆದ್ರ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ ಎಣಸ್ತೀವ್ರಿ. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬರೋ ಹಕ್ಕಿ ಅವು, ಮಳಿಗಾಲ ಮುಗಿಯೋ ಹೊತ್ತಿಗೆ ಬಂದು ಬೇಸಗಿ ಸುರು ಆಗೋ ತನಕ ಇರ್ತಾವ, ಮಿಡತಿ ತಿಂತಾವ. ಹಗಲೆಲ್ಲ ಒಂದೊಂದು ಒಂದೊಂದು ಕಡೆ ಹೊಲದ ಮ್ಯಾಲೆ ಕೆಳಗ ಕೆಳಗ ಹಾರ್ಕೋತ ಹೋಗ್ತಾವ, ಎಣಸಾಕ ಆಗೂದಿಲ್ಲ. ಸಂಜಿಮುಂದ ಮಾತ್ರ ಎಲ್ಲಾ ಒಂದ ಹುಲ್ಲುಗಾವಲಿಗೆ ಬಂದು ನೆಲದ ಮ್ಯಾಲೇ ಮಲಗ್ತಾವ. ಹೊತ್ತು ಮುಳಗೋಕಿಂತ ಒಂದು ತಾಸು ಮೊದಲ ನಾವು ಹುಲ್ಲಿನ ಸುತ್ತ ದೂರದೂರ ನಿಂತ್ಕೋತೀವಿ, ನನ್ನ ದಿಕ್ಕಿನಿಂದ ಒಳಗ ಹೋಗಿದ್ದು ನನ್ನ ಲೆಕ್ಕ, ನಿನ್ನ ದಿಕ್ಕಿನಿಂದ ಹೋಗಿದ್ದು ನಿನ್ನ ಲೆಕ್ಕ, ಟೈಮ್ ಸಮೇತ ಬರ್ಕೋತೀವಿ, ಕತ್ತಲಾದ ಮ್ಯಾಲೆ ಕೂಡಿಸಿ ನೋಡ್ತೀವಿ. ಪ್ಯಾಲಿಡ್ ಮತ್ತ ಮಾಂಟೇಗು ಅಂತ ಎರಡು ನಮೂನಿ ಹ್ಯಾರಿಯರ್ ಅದಾವ, ಎರಡರಾಗೂ ಹೆಣ್ಣು ಮತ್ತ ಮರಿ ಒಂದ ನಮೂನಿ ಕಾಣ್ತಾವ, ಆ ಮಬ್ಬು ಬೆಳಕಿನಾಗ ಬ್ಯಾರೆ ಮಾಡಾಕ ಆಗೂದಿಲ್ಲ, ರಿಂಗ್‌ಟೇಲ್ ಅಂತ ಒಂದ ಹೆಸರಿನ್ಯಾಗ ಬರೀತೀವಿ. ಹುಲ್ಲಿನೊಳಗ ಕಾಲ ಇಡೂದಿಲ್ರಿ, ಟಾರ್ಚ್ ಹಚ್ಚೂದಿಲ್ಲ, ಒಮ್ಮೆ ಹೆದರಿಸಿ ಎಬ್ಬಿಸಿದ್ರ ಆ ಜಾಗಾನ ಬಿಟ್ಟು ಹೋಗ್ತಾವ.

ಹೆಸರಘಟ್ಟದ ಹುಲ್ಲುಗಾವಲಿನಾಗೂ ಇವು ಮಲಗೋವು. ಹುಲ್ಲಿದ್ದ ಜಾಗಾನ ಬಂಜರು ಅಂತ ಹೇಳಿ ಗಿಡ ನೆಡ್ತಾರ, ಲೇಔಟ್ ಮಾಡ್ತಾರ, ನನಗ ಹೊಟ್ಟಿ ಉರೀತದ. ಈ ಹಕ್ಕಿಗೆ ಗಿಡ ಬ್ಯಾಡ್ರಿ, ಹುಲ್ಲು ಬೇಕು. ಅದನ್ನ ಆಫೀಸಿನ್ಯಾಗ ಕುಂತವರಿಗೆ ಹೇಳಬೇಕಂದ್ರ ಕೈಯಾಗ ವರ್ಷವರ್ಷದ ಲೆಕ್ಕ ಇರಬೇಕು.

ತುಂಗಾತೀರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಮಗಳಿಗೆ ಎಲ್ಲ ಓದಿ ಹೇಳ್ದೆ. ಈಗ ಅವಳ ಹೊಸ ಪ್ರಶ್ನೆ, ಈ ವರ್ಷ ಎಣಿಕೇಲಿ ಕಮ್ಮಿ ಬಂತು ಅಂದ್ರೆ ಹಕ್ಕಿ ಕಮ್ಮಿ ಆಯ್ತು ಅಂತಾನಾ? ಮೋಡ ಇದ್ದು ಕಾಣದೇ ಹೋಗಿರಬಹುದಲ್ವಾ ಅಂತಾಳೆ.

ಕಾಫಿತೋಟ:

ಅಕ್ಕ, ನಿಮ್ಮ ಮಗಳು ಹೇಳಿದ್ದು ಕರೆಕ್ಟ್. ನಾನು ಚಿಕ್ಕಮಗಳೂರಿನವನು, ಈಗ ಹಾಕ್ ಮೌಂಟನ್ ಹತ್ರ ಅಲೆನ್‌ಟೌನ್‌ನಲ್ಲಿ ಕೆಲಸ, ಸೀಸನ್‌ನಲ್ಲಿ ವೀಕೆಂಡ್ ಎಲ್ಲ ಅಲ್ಲೇ. ಒಂದು ದಿನದ ಸಂಖ್ಯೆ, ಒಂದು ವರ್ಷದ ಸಂಖ್ಯೆ ಇಟ್ಕೊಂಡು ಯಾರೂ ಏನೂ ತೀರ್ಮಾನ ಮಾಡಲ್ಲ, ಮಾಡಬಾರದು. ಅದಕ್ಕೇ ಪ್ರತಿ ಗಂಟೆಗೂ ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಮೋಡ ಎಷ್ಟು, ಎಷ್ಟು ದೂರ ಕಾಣ್ತಿದೆ, ಎಣಿಸೋರು ಎಷ್ಟು ಜನ ಇದ್ರು ಎಲ್ಲ ಬರೆದಿಡ್ತಾರೆ. ಮೋಡ ಪೂರ್ತಿ ಕೆಟ್ಟದ್ದಲ್ಲ, ಬಿಳಿ ಮೋಡದ ಮುಂದೆ ಹಕ್ಕಿ ಚೆನ್ನಾಗಿ ಕಾಣುತ್ತೆ, ಒಂದು ಚೂರೂ ಮೋಡ ಇಲ್ಲದ ನೀಲಿ ಆಕಾಶದಲ್ಲೇ ಎತ್ತರದಲ್ಲಿರೋ ಗುಂಪು ಕಣ್ತಪ್ಪಿ ಹೋಗೋದು.

ಇಲ್ಲಿ ಎಣಿಕೆ ಶುರುವಾದದ್ದು 1934ರಲ್ಲಿ. ಅದಕ್ಕೂ ಮುಂಚೆ ಇದೇ ಬಂಡೆ ಮೇಲೆ ಜನ ಬಂದೂಕು ಹಿಡ್ಕೊಂಡು ಬಂದು ವಲಸೆ ಹೋಗೋ ಹದ್ದುಗಳನ್ನ ರಾಶಿ ರಾಶಿ ಹೊಡೆದು ಹಾಕ್ತಿದ್ರು, ಗೋಶಾಕ್ ಅನ್ನೋ ಗಿಡುಗ ಹೊಡೆದರೆ ಸರ್ಕಾರದಿಂದ 5 ಡಾಲರ್ ಇನಾಮೂ ಸಿಗ್ತಿತ್ತು. ಸತ್ತ ಹಕ್ಕಿಗಳ ಫೋಟೋ ವಿಷಯ ಗೊತ್ತಾಗಿ ರೋಸಲಿ ಎಡ್ಜ್ ಅನ್ನೋ ನ್ಯೂಯಾರ್ಕ್‌ನ ಹೆಂಗಸು ಆ ಬೆಟ್ಟಾನೇ ಲೀಸ್‌ಗೆ ತಗೊಂಡ್ರು, ಮಾರಿಸ್ ಬ್ರೌನ್ ಮತ್ತು ಹೆಂಡತಿ ಇರ್ಮಾ ಕಾವಲಿಗೆ ಬಂದ್ರು. ಕಾಯ್ತಾ ಕೂತಾಗ ಬ್ರೌನ್ ಹಾರಿಹೋಗೋ ಹಕ್ಕೀನ ಎಣಿಸಿ ಬರೆದಿಡೋಕೆ ಶುರು ಮಾಡಿದ್ರು. ಎರಡನೇ ಮಹಾಯುದ್ಧದ ಟೈಮಲ್ಲಿ ಬ್ರೌನ್ ನೌಕಾಪಡೆಗೆ ಹೋದಾಗ ನಿಂತಿದ್ದು ಬಿಟ್ರೆ ಇವತ್ತಿನ ತನಕ ನಡೀತಾ ಇದೆ.

ಆ ಲೆಕ್ಕ ಏನಕ್ಕೆ ಉಪಯೋಗ ಆಯ್ತು ನೋಡಿ. ಬಾಲ್ಡ್ ಈಗಲ್‌ಗೆ ತಲೆ ಬೆಳ್ಳಗಾಗೋದು ನಾಲ್ಕೈದು ವರ್ಷ ಆದಮೇಲೆ, ಹಂಗಾಗಿ ಮರಿ ಯಾವುದು ದೊಡ್ಡದು ಯಾವುದು ಅಂತ ದೂರದಿಂದಲೂ ಹೇಳಬಹುದು, ಬ್ರೌನ್ ಅದನ್ನೂ ಬೇರೆ ಬೇರೆ ಬರೆದಿಟ್ಟಿದ್ರು. 1935ರಿಂದ 1939ರ ತನಕ ನೋಡಿದ ಬಾಲ್ಡ್ ಈಗಲ್‌ಗಳಲ್ಲಿ ಶೇ 40 ಎಳೆಯವು, 1955ರಿಂದ 1959ರ ತನಕ ಶೇ 20 ಮಾತ್ರ, 1957ರಲ್ಲಂತೂ ದೊಡ್ಡವು 32 ಕಂಡರೆ ಎಳೆಯದು 1. ದೊಡ್ಡ ಹಕ್ಕಿ ಇನ್ನೂ ಹಾರಾಡ್ತಿರೋದನ್ನ ನೋಡಿ ಜನ ಎಲ್ಲ ಸರಿಯಾಗಿದೆ ಅಂದ್ಕೊಂಡಿದ್ರು, ಆದ್ರೆ ಮರಿಗಳು ಹುಟ್ಟೋದು ಬಹಳ ಕಮ್ಮಿ ಆಗಿತ್ತು. ಲೇಖಕಿ ರೇಚಲ್ ಕಾರ್ಸನ್ 1962ರಲ್ಲಿ ಇದಕ್ಕೆ ಕಾರಣವಾದ ಡಿಡಿಟಿ ಕೀಟನಾಶಕದ ವಿರುದ್ಧ ಬರೆದಾಗ ಈ ಅಂಕಿಗಳನ್ನೇ ಮುಂದಿಟ್ರು. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ನಿಷೇಧ ಆಯ್ತು, 2007ರಲ್ಲಿ ಬಾಲ್ಡ್ ಈಗಲ್ ಅಳಿವಿನಂಚಿನ ಪಟ್ಟಿಯಿಂದ ಹೊರಗೆ ಬಂತು. ಬ್ರೌನ್ ಎಣಿಸೋಕೆ ಕೂತಾಗ ಡಿಡಿಟಿ ಅನ್ನೋದು ಹೊಲಕ್ಕೆ ಬಂದೇ ಇರಲಿಲ್ಲ, ಮುಂದೆ ಇದಕ್ಕೆ ಬೇಕಾಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೆ ಈ ಕೆಲಸದ ಮೇಲೆ ಗೌರವ ಬಂದಿದ್ದು ಇದನ್ನ ತಿಳ್ಕೊಂಡ ಮೇಲೆ.

ಗಾಳಿಗುಡ್ಡ:

ಕಾಫಿತೋಟ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸಂಖ್ಯೆ ಹತ್ತಾರು ವರ್ಷ ಸತತವಾಗಿ ಇಳಿದರೂ ಕೆಲವು ಸಲ ಹಕ್ಕಿ ಸತ್ತಿದೆ ಅಂತ ಅರ್ಥ ಅಲ್ಲ. ಚಳಿ ಕಮ್ಮಿ ಆಗಿರೋದ್ರಿಂದ ರೆಡ್‌ಟೇಲ್‌ಗಳು ಉತ್ತರದಲ್ಲೇ ಉಳ್ಕೊಂಡುಬಿಡ್ತಿವೆ, ನಮ್ಮ ಬೆಟ್ಟದ ತನಕ ಬರೋದೇ ಇಲ್ಲ. ಅದಕ್ಕೆ ಒಂದು ಜಾಗದ ಲೆಕ್ಕ ಸಾಲಲ್ಲ, ಕೆನಡಾದಿಂದ ಮೆಕ್ಸಿಕೋ ತನಕ ಇರೋ ಎಣಿಕೆ ಜಾಗಗಳದ್ದೆಲ್ಲ ಸೇರಿಸಿ, ಚಳಿಗಾಲದ ಎಣಿಕೆಗಳನ್ನೂ ಪಕ್ಕಕ್ಕಿಟ್ಟು ನೋಡ್ತಾರೆ. ಕೆಸ್ಟ್ರೆಲ್ ವಿಷಯ ಬೇರೆ, ಅದು ಬಹಳಷ್ಟು ಕಡೆ ಇಳೀತಾ ಇದೆ, ಅದು ನಿಜವಾದ ಚಿಂತೆ.

ಇನ್ನೊಂದು, ನಮ್ಮ ಬ್ರಾಡ್‌ವಿಂಗ್ಡ್‌ಗಳು ಮುಂದೆ ಹೋಗಿ ಟೆಕ್ಸಾಸ್ ಕರಾವಳಿ ದಾಟಿ ಮೆಕ್ಸಿಕೋದ ವೆರಾಕ್ರೂಜ್ ಹತ್ರ ಬೆಟ್ಟಕ್ಕೂ ಸಮುದ್ರಕ್ಕೂ ಮಧ್ಯೆ ಕಿರಿದಾದ ಬಯಲಲ್ಲಿ ಸೇರ್ತವೆ. ಹಾಕ್ ಮೌಂಟನ್‌ನಲ್ಲಿ ಒಂದು ಸೀಸನ್‌ಗೆ ಎಲ್ಲ ಜಾತಿ ಸೇರಿ ಸರಾಸರಿ ಹದಿನೆಂಟು ಸಾವಿರ ಆದ್ರೆ ಅಲ್ಲಿ ನಲವತ್ತು ಲಕ್ಷಕ್ಕೂ ಮೇಲೆ, ರಣಹದ್ದುಗಳೂ ಸೇರಿ. ಮಗಳಿಗೆ ಮ್ಯಾಪ್‌ನಲ್ಲಿ ತೋರಿಸಿ.

ಎರೆಭೂಮಿ:

ತಂಗಿಗೆ ನಾಗಾಲ್ಯಾಂಡಿನ ಅಮೂರ್ ಫಾಲ್ಕನ್ ಅನ್ನೋ ಸಣ್ಣ ಡೇಗಿ ಕತಿನೂ ಹೇಳ್ರಿ. 2012ರಾಗ ಡೊಯಾಂಗ್ ಡ್ಯಾಮಿನ ಹತ್ರ ಬಲೆ ಹಾಕಿ ಸಾವಿರಗಟ್ಟಲೆ ಹಿಡದು ಕೊಂದ್ರು, ಮರುವರ್ಷನ ಅದ ಊರಿನ ಮಂದಿ ನಿಂತು ಕಾಯ್ದ್ರು, ಬೇಟೆ ಪೂರಾ ನಿಂತ್ತು. ಆ ವರ್ಷ ಸ್ಯಾಟಲೈಟ್ ಟ್ಯಾಗ್ ಹಾಕಿದ ಹಕ್ಕಿ ಭಾರತ ದಾಟಿ ಅರಬ್ಬೀ ಸಮುದ್ರದ ಮ್ಯಾಲೆ ನಿಲ್ಲದ ಹಾರಿ ಆಫ್ರಿಕಾ ಮುಟ್ಟಿದ್ವು. ಬೇಟೆ ಜಾಗಾದಾಗ ಕಾವಲು ಬಂದದ್ದು ಅಲ್ಲೂ ಆಗೇದ, ಇಲ್ಲೂ ಆಗೇದ.

ಕಾಫಿತೋಟ:

ಅಕ್ಕ, ನಿಮ್ಮ ಮಾವನವರ ವಿಷಯ. ನಾರ್ತ್ ಲುಕೌಟ್‌ಗೆ ಸುಮಾರು ಒಂದು ಮೈಲಿ, ಕೊನೆಗೆ ಬರೀ ಕಲ್ಲು, ಮಂಡಿನೋವಿಗೆ ಬೇಡ. ಸೌತ್ ಲುಕೌಟ್ ಗೇಟ್‌ನಿಂದ ಹತ್ರ, ವೀಲ್‌ಚೇರ್ ಹೋಗೋ ದಾರಿನೇ ಇದೆ, ಅವರಿಗೆ ಅಲ್ಲಿ ಕುರ್ಚಿ ಹಾಕಿ ಕೂರಿಸಿ. ಮಾಂಟ್‌ಕ್ಲೇರ್‌ನಲ್ಲಿ ಮೆಟ್ಟಿಲಿದೆ, ಕೇಪ್ ಮೇ ಪೂರ್ತಿ ಸಮತಟ್ಟು.

ದಿನಾಂಕ ಈಗಲೇ ಫಿಕ್ಸ್ ಮಾಡಬೇಡಿ. ಸೆಪ್ಟೆಂಬರ್ 12ರಿಂದ 24ರ ಒಳಗೆ ಯಾವಾಗ ಕೋಲ್ಡ್ ಫ್ರಂಟ್ (ತಣ್ಣನೆ ಗಾಳಿಯ ಅಲೆ) ದಾಟಿ ಮಳೆ ನಿಂತು ವಾಯುವ್ಯದ ಗಾಳಿ ಶುರುವಾಗುತ್ತೋ ಅದರ ಮಾರನೇ ದಿನ ಹೊರಡಿ, ಬೇಕಿದ್ರೆ ಮಗಳಿಗೆ ಸ್ಕೂಲ್ ಒಂದಿನ ರಜಾ ಹಾಕಿಸಿ. ವೀಕೆಂಡ್ ಆದ್ರೆ ಪಾರ್ಕಿಂಗ್ ಬೇಗ ತುಂಬುತ್ತೆ. ಗೋಲ್ಡನ್ ಈಗಲ್ ನೋಡಬೇಕು ಅಂದ್ರೆ ಮತ್ತೆ ನವೆಂಬರ್‌ನಲ್ಲಿ ಬನ್ನಿ, ಅದು ಹೆಚ್ಚಾಗಿ ಬರೋದು ಆವಾಗ, ಮೈ ಕೊರೆಯೋ ಚಳಿ ಇರುತ್ತೆ. 8x42 ಬೈನಾಕ್ಯುಲರ್ ಸಾಕು, ಕೂರೋಕೆ ದಪ್ಪ ದಿಂಬು ತನ್ನಿ. ಅಲ್ಲಿ ಅಧಿಕೃತವಾಗಿ ಎಣಿಸೋರು ಒಬ್ರು ಇರ್ತಾರೆ, ಮುಂದೆ ಕಾಣೋ ಗುಡ್ಡಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಇದೆ, ಮಗಳು "ಮೂರರ ಮೇಲೆ ಒಂದು" ಅಂತ ಇಂಗ್ಲಿಷ್‌ನಲ್ಲಿ ಕೂಗಿದ್ರೆ ಸಾಕು, ಎಲ್ಲರ ಬೈನಾಕ್ಯುಲರ್ ಆ ಕಡೆ ತಿರುಗುತ್ತೆ.